ಬಂಡಸಾಲೆಯ ಒಳಗೆ ಹೋಗಿ ಮಾರಾಯ್ರೇ

ನಮಸ್ಕಾರ. ‘ಬ್ಯಾಂಕ್‌ಶಾಲ್: ಒಂದು ಪದದ ಪಯಣ’ ಅಂತ ನೀವು ಬದಿಯಡ್ಕದಿಂದ ಕಳಿಸಿದ ಲೇಖನ ಸಿಕ್ಕಿತು. ಬ್ಯಾಂಕ್‌ಶಾಲ್ ಅಂದರೆ ನಮ್ಮ ಬಂಡಸಾಲೆಯೇ, ಸರಕು ಕೊಳ್ಳುವ, ಕೂಡಿಡುವ ಮಳಿಗೆ. ಇಂಗ್ಲಿಷಿನವರೇ ಮರೆತ ಪದವನ್ನು ಹುಡುಕಿ ತೆಗೆದಿದ್ದೀರಿ, ಕಾಗುಣಿತದ ತಪ್ಪೂ ಇಲ್ಲ. ಶಹಬ್ಬಾಸ್. ಆದರೆ ಓದಿ ಮುಗಿಸುವಾಗ ನನಗೆ ಸಿಟ್ಟು ಬಂದಿತ್ತು.

‘ಬ್ಯಾಂಕಿನಂತೆ ಹಣ ಓಡಾಡುವ ಜಾಗವಾದ್ದರಿಂದ ಈ ಹೆಸರು ಬಂತೆಂದು ಹೇಳಲಾಗುತ್ತದೆ.’ ಯಾರು ಹೇಳಿದ್ದು? ಬ್ಯಾಂಕ್ ಅನ್ನುವುದು ಇಟಲಿಯಲ್ಲಿ ಹಣ ಬದಲಾಯಿಸುವವರ ಬೆಂಚಿನಿಂದ ಬಂದದ್ದು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಅದರ ಕೆಳಗೆ, ‘ಈ ಪದಕ್ಕೆ ಉಗ್ರಾಣ, ಬಂದರು ಕಚೇರಿ, ನ್ಯಾಯಾಲಯ ಎಂಬ ಮೂರು ಅರ್ಥಗಳಿವೆ.’ ಮೊದಲ ಎರಡು ಸರಿ. ದಕ್ಷಿಣದಲ್ಲಿ ಉಗ್ರಾಣ, ಬಂಗಾಳದಲ್ಲಿ ಬಂದರು ಅಧಿಕಾರಿಯ ಕಚೇರಿ. ಕೋಲ್ಕತ್ತದಲ್ಲಿ ಆ ಕಚೇರಿಯಿಂದಾಗಿ ಒಂದು ಬೀದಿಗೆ ಬ್ಯಾಂಕ್‌ಶಾಲ್ ಸ್ಟ್ರೀಟ್ ಅಂತ ಹೆಸರು ಬಿತ್ತು, ಅಲ್ಲಿನ ಕೋರ್ಟು ಬ್ಯಾಂಕ್‌ಶಾಲ್ ಕೋರ್ಟ್ ಆಯಿತು, ಅಷ್ಟೆ. ಹೀಗೇ ಹೊರಟರೆ ಕೆರೆಬದಿಯ ಶಾಲೆ ನೋಡಿ ಕೆರೆ ಅಂದರೆ ಶಾಲೆ ಅಂತ ಬರೆಯಬಹುದು!

ಇನ್ನು ಮೂಲದ ವಿಷಯ. ‘ವಣಿಕ್’ (ವ್ಯಾಪಾರಿ) ಜೊತೆ ‘ಶಾಲೆ’, ‘ಭಾಂಡ’ದ ಜೊತೆ ‘ಶಾಲೆ’, ಮಲಯ ಭಾಷೆಯ ‘ಬಂಗ್ಸಾಲ್’, ಮೂರನ್ನೂ ಸಾಲಾಗಿ ಇಟ್ಟು ‘ಓದುಗರೇ ತೀರ್ಮಾನಿಸಲಿ’ ಅಂದಿದ್ದೀರಿ. ಓದುಗರು ಯಾಕೆ ತೀರ್ಮಾನಿಸಬೇಕು, ಬರೆದವರು ನೀವಲ್ವಾ? ನನ್ನ ಓಟು ‘ಭಾಂಡ’ಕ್ಕೆ, ಅಂದರೆ ಸರಕಿಗೆ. ಇಂಗ್ಲಿಷಿಗೆ ಸೇರಿದ ನಮ್ಮ ಕಡೆಯ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್ ನೋಡಿದ್ದೀರಿ, ಒಳ್ಳೆಯದೇ. ಯೂಲ್ ಜೊತೆ ಅದನ್ನು ಮಾಡಿದ ಬರ್ನೆಲ್ ನಮ್ಮ ತುಳು ಪಾಡ್ದನಗಳನ್ನೂ (ಭೂತಗಳ ಕಥೆ ಹೇಳುವ ಹಾಡುಗಳು) ಕೂಡಿಟ್ಟವರು. ಆದರೆ ನೀವು ಕಾಸರಗೋಡಿನ ಪೇಟೆಯಲ್ಲಿ ನಿಂತರೆ ಒಬ್ಬರು ಬಂಡಸಾಲೆ ಅಂತಾರೆ, ಪಕ್ಕದವರು ಮಲಯಾಳದಲ್ಲಿ ಪಾಂಡ್ಯಾಲ ಅಂತಾರೆ. ಅದು ಲೇಖನದಲ್ಲಿ ಎಲ್ಲಿದೆ? ಕೊನೆಯ ಪುಟದಲ್ಲಿ ಒಂದೇ ಸಾಲು: ‘ನನ್ನಜ್ಜ ಮಂಗಳೂರಿನ ಬಂಡಸಾಲೆಗೆ ಅಡಿಕೆ ಕೊಂಡೊಯ್ಯುತ್ತಿದ್ದರು.’ ಅಲ್ಲಿಗೆ ಮುಗೀತು!

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಅಡಿಕೆ ಧಾರಣೆ ಬರೆಯುವ ಕೆಲಸ ನನ್ನದು. ಫೋನಿನಲ್ಲಿ ಕೇಳಿದರೆ ಸಾಕಿತ್ತು, ಆದರೆ ನಮ್ಮ ಹಿರಿಯ ಸಂಪಾದಕರು ಬಂಡಸಾಲೆಗೇ ಓಡಿಸುತ್ತಿದ್ದರು. ಸಾಹುಕಾರರು ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಅಡಿಕೆ ತೆಗೆಯುವುದು (ಮೇಲೆ ಎಲ್ಲರೂ ಚಂದದ್ದೇ ಇಡುತ್ತಾರೆ), ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗಿನ ಬಣ್ಣ ನೋಡುವುದು, ಮಾತೇ ಇಲ್ಲದೆ ಇದು ಪಟೋರ, ಇದು ಕರಿಗೋಟು ಅಂತ ದರ್ಜೆ ಮಾಡಿ ಬೇರೆ ಬೇರೆ ಕಡೆ ಎಸೆಯುವುದು, ಬೆಳೆಗಾರ ಆ ಕೈಯನ್ನೇ ನೋಡುತ್ತಾ ನಿಲ್ಲುವುದು, ಇದನ್ನೆಲ್ಲ ಅಲ್ಲೇ ನೋಡಿದ್ದು. ವಾಪಸ್ ಬಂದರೆ ಸಂಪಾದಕರು ಮೊದಲು ರೇಟು ಕೇಳುತ್ತಿರಲಿಲ್ಲ. ‘ಯಾರ್ಯಾರು ಬಂದಿದ್ರು? ಎಷ್ಟು ಹೊತ್ತು ಕಾಯಿಸಿದ್ರು?’ ಆಗ ಬೈದುಕೊಳ್ಳುತ್ತಿದ್ದೆ.

ಹಾಗಾಗಿ ಮೊದಲ ಪುಟ ಕಿತ್ತುಹಾಕಿ. ‘ಹೇಳಲಾಗುತ್ತದೆ’ ಅಂತ ಇದ್ದಲ್ಲೆಲ್ಲ ಹೇಳಿದವರ ಹೆಸರು ಹಾಕಿ, ಹೆಸರು ಸಿಗದಿದ್ದರೆ ಸಾಲೇ ಬೇಡ. ಅಜ್ಜ ಇದ್ದಾರಾ? ಇದ್ದರೆ ಈ ವಾರವೇ ಕೂತು ಕೇಳಿ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬರುವ ಮೊದಲು ದುಡ್ಡು ಕೈಗೆ ಸಿಗುತ್ತಿತ್ತೋ, ಚೀಟಿಯೋ? ಮಳೆಗಾಲದಲ್ಲಿ ಸಾಲ ಕೊಡುತ್ತಿದ್ದರೋ? ರಾತ್ರಿ ಎಲ್ಲಿ ಮಲಗುತ್ತಿದ್ದರು? ಅದನ್ನು ಬರೆದು ಕಳಿಸಿ, ವಿಶೇಷಾಂಕದಲ್ಲಿ ಜಾಗ ಇಟ್ಟಿರುತ್ತೇನೆ. ತಲೆಬರಹ ಮಾತ್ರ ನಾನೇ ಬದಲಾಯಿಸುತ್ತೇನೆ, ಈ ‘ಪಯಣ’ ಸಾಕಾಗಿಹೋಗಿದೆ.