ಮೆಡಿಕಲ್, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಕ್ಯಾನ್ಸರ್ ವಾರ್ಡಿನಲ್ಲಿ ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯಲು ಒಂದು ದಿನದ ಕಾರ್ಯಾಗಾರ ಸಾಕಾ? ಅವರಿಗೆ ಮಾತಾಡಲು ಸಂಕೋಚ, ಸಂವಹನದ ತರಬೇತಿ ಕೊಡಲು ಯಾರನ್ನು ಕರೆಸಲಿ?

ಯಾರನ್ನೂ ಕರೆಸಬೇಡಿ. ನಾನು ನರ್ಸಿಂಗ್ ಪಾಠ ಮಾಡುವವಳು. ಇಂಥದ್ದೇ ಒಂದು ಜಂಟಿ ತರಗತಿಯನ್ನು ತುಂಬಾ ಉತ್ಸಾಹದಿಂದ ನಡೆಸಿದ್ದೆ.

ಅವತ್ತಿನ ಕೇಸು ಕೆನ್ನೆಯ ಒಳಭಾಗದ ಕ್ಯಾನ್ಸರ್. ತಂಬಾಕು ಜಗಿಯುತ್ತಿದ್ದವರು. ಆಪರೇಷನ್ ಆಗಿತ್ತು, ರೇಡಿಯೇಶನ್ ಬಾಕಿ. ಎಂಬಿಬಿಎಸ್ ಹುಡುಗರು ಸ್ಟೇಜು, ಬಯಾಪ್ಸಿ, ಡೋಸು ಎಲ್ಲ ಚೆನ್ನಾಗಿ ವಿವರಿಸಿದರು. ಆಮೇಲೆ ಫಾರ್ಮಸಿಯವರು. ನರ್ಸಿಂಗ್ ಮಕ್ಕಳ ಸರದಿ ಬಂದಾಗ ಊಟದ ಹೊತ್ತು. 'ಏನಾದರೂ ಸೇರಿಸುವುದಿದೆಯಾ?' ಅಂದೆ. ಯಾರೂ ಬಾಯಿ ಬಿಡಲಿಲ್ಲ.

ಅವರಲ್ಲೊಬ್ಬಳು ಬೆಳಗ್ಗೆ ಆ ರೋಗಿಯ ಬಾಯಿ ಸ್ವಚ್ಛ ಮಾಡಿದ್ದಳು. ಕೆಳಗಿನ ದವಡೆ ಹಲ್ಲೊಂದು ಅಲ್ಲಾಡುತ್ತಿತ್ತು, ಒಸಡಿನಲ್ಲಿ ಕೀವಿತ್ತು. ಕೇರ್ ಪ್ಲಾನ್‌ನಲ್ಲಿ, ಅಂದರೆ ರೋಗಿಯ ಆರೈಕೆಯ ಹಾಳೆಯಲ್ಲಿ, ಬರೆದೂ ಇದ್ದಳು.

ಇದು ಸಣ್ಣ ವಿಷಯವಲ್ಲ. ರೇಡಿಯೇಶನ್ ಬಿದ್ದ ದವಡೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಹಾಗಾಗಿ ಕೆಟ್ಟ ಹಲ್ಲನ್ನು ಮೊದಲೇ ಕಿತ್ತು ಸುಮಾರು 2 ವಾರ ಬಿಡಬೇಕು. ಆದರೆ ರೇಡಿಯೇಶನ್ ಆಪರೇಷನ್ ಆದ 6 ವಾರದೊಳಗೆ ಶುರುವಾದರೆ ಒಳ್ಳೆಯದು. ಹಲ್ಲಿನ ಸಂಗತಿ ಹೊರಬಂದದ್ದು ರೇಡಿಯೇಶನ್ ಹೊತ್ತಿಗೆ ತಲೆ ಅಲ್ಲಾಡದಂತೆ ಹಿಡಿಯುವ ಮಾಸ್ಕ್ ಮಾಡಿಸಿ, ಪ್ಲಾನಿಂಗ್ ಮುಗಿದ ಮೇಲೆ. ಹಲ್ಲು ಕೀಳಿಸಿ ಕಾಯುವಷ್ಟರಲ್ಲಿ ಆ 6 ವಾರ ದಾಟಿತು.

'ಯಾಕಮ್ಮಾ ಹೇಳಲಿಲ್ಲ?' ಅಂತ ಕೇಳಿದೆ. 'ಡಾಕ್ಟರು ಎಲ್ಲ ಹೇಳಿ ಆಗಿತ್ತಲ್ಲ ಮೇಡಂ.' ಮಾತಿನ ಸರದಿ ಹಾಕಿದ್ದು ನಾನು. ಮೊದಲು ಮಾತಾಡಿದವರು ಕೇಸಿನ ಗಡಿ ಹಾಕಿಬಿಡುತ್ತಾರೆ. ಆ ಗಡಿಯೊಳಗೆ ಹಲ್ಲಿಗೆ ಜಾಗವಿರಲಿಲ್ಲ. 'ಸೇರಿಸುವುದಿದೆಯಾ' ಅನ್ನುವ ನನ್ನ ಪ್ರಶ್ನೆಯೇ ಅವಳ ಮಾತನ್ನು ಬಾಲಂಗೋಚಿ ಮಾಡಿತ್ತು. ನಾನು ಮೊದಲು ಅವಳನ್ನು ಕೇಳಿದ್ದರೆ ಆ ಮನುಷ್ಯನಿಗೆ ಸರಿಯಾದ ಹೊತ್ತಿಗೆ ಚಿಕಿತ್ಸೆ ಶುರುವಾಗುತ್ತಿತ್ತು.

ನಿಮ್ಮ ವಿದ್ಯಾರ್ಥಿಗಳಿಗೆ ಮಾತಾಡಲು ಸಂಕೋಚ, ಅದಕ್ಕೇ ಸಂವಹನದ ತರಬೇತಿ ಬೇಕು ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಅದೇ ಮಕ್ಕಳು ಹಾಸ್ಟೆಲಿನಲ್ಲಿ ಎಷ್ಟು ಮಾತಾಡುತ್ತಾರೆ ನೋಡಿ. ಬೇರೆ ಬೇರೆ ಕೋರ್ಸಿನವರ ಜಂಟಿ ಕಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ 2010ರ ಚೌಕಟ್ಟು ಹೇಳುವುದು ಒಬ್ಬರ ಬಗ್ಗೆ, ಒಬ್ಬರಿಂದ, ಒಬ್ಬರ ಜೊತೆ ಕಲಿಯುವುದನ್ನು. ಸಭಾಂಗಣದಲ್ಲಿ ಸಾಲಾಗಿ ಕೂರಿಸಿದರೆ 'ಒಬ್ಬರಿಂದ' ಕಲಿಯುವುದು ಆಗುವುದೇ ಇಲ್ಲ.

ಕಾರ್ಯಾಗಾರದ ಬದಲು ಹೀಗೆ ಮಾಡಿ: ಒಬ್ಬ ರೋಗಿ, ಬೇರೆ ಬೇರೆ ಕೋರ್ಸಿನ ನಾಲ್ಕೈದು ಮಕ್ಕಳು, ಒಂದಿಡೀ ವಾರ. ಡೆಂಟಲ್ ಮತ್ತು ಫಿಸಿಯೋಥೆರಪಿಯವರನ್ನೂ ಸೇರಿಸಿ, ನಿಮ್ಮ ಪಟ್ಟಿಯಲ್ಲಿ ಅವರಿಲ್ಲ. ರೋಗಿಯನ್ನು ಮುಟ್ಟಿ ಕೆಲಸ ಮಾಡಿದವರು ಮೊದಲು ಮಾತಾಡಲಿ, ಎಂಬಿಬಿಎಸ್‌ನವರು ಕೊನೆಗೆ. ವಾರದ ಕೊನೆಗೆ ಎಲ್ಲರೂ ಸೇರಿ ಮನೆಯವರಿಗಾಗಿ ಕನ್ನಡದಲ್ಲಿ ಒಂದೇ ಹಾಳೆ ಬರೆಯಲಿ: ಬಾಯಿ ಮುಕ್ಕಳಿಸುವುದು ಹೇಗೆ, ದವಡೆ ಬಿಗಿಯದಂತೆ ಯಾವ ವ್ಯಾಯಾಮ, ನುಂಗಲು ಆಗದಿದ್ದರೆ ಏನು ಕೊಡಬೇಕು, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು. ರೋಗಿಯ ಹೆಂಡತಿಗೆ ಅದನ್ನು ಓದಿ ಹೇಳಿ, ಅವರಿಂದಲೇ ತಿರುಗಿ ಹೇಳಿಸಿ. ಅವರಿಗೆ ಅರ್ಥವಾಗದಿದ್ದರೆ ಅಷ್ಟೂ ಜನಕ್ಕೆ ಮಾರ್ಕ್ಸ್ ಕಡಿಮೆ. ಬೇರೆ ಬೇರೆ ಮಾರ್ಕ್ಸ್ ಕೊಡಿ ಅಂತ ಪ್ರಿನ್ಸಿಪಾಲರು ಹೇಳಬಹುದು. ಎಲ್ಲರಿಗೂ ಒಂದೇ ಮಾರ್ಕ್ಸ್ ಅನ್ನುವುದೊಂದಕ್ಕೆ ಮಾತ್ರ ಪಟ್ಟು ಹಿಡಿಯಿರಿ.