ಹಳೇ ಬೆಂಜ್ ಇ-ಕ್ಲಾಸ್: ಡಬ್ಲ್ಯೂ124 ತಗೊಳ್ಳಲಾ, ಡಬ್ಲ್ಯೂ210 ತಗೊಳ್ಳಲಾ?

ನೀವು ಕೇಳಿದ್ದು ಇಷ್ಟು: ಹಳೆಯ ಬೆಂಜ್ ಒಂದನ್ನು ಕೊಂಡು ಚೆನ್ನಾಗಿ ಇಟ್ಟುಕೊಳ್ಳುವ ಆಸೆ ಇದೆ. ಎರಡು ಕಾರು ನೋಡಿ ಇಟ್ಟಿದ್ದೀರಿ. ಎರಡೂ ಬೆಂಜ್ ಇ-ಕ್ಲಾಸ್; ಡಬ್ಲ್ಯೂ124 ಹಳೇ ತಲೆಮಾರಿನದು, ಡಬ್ಲ್ಯೂ210 ಅದರ ನಂತರದ್ದು. ಒಂದು 1996ರ ಡಬ್ಲ್ಯೂ124 ಇ220, ಇನ್ನೊಂದು 1998ರ ಡಬ್ಲ್ಯೂ210 ಇ230. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು ತಗೊಳ್ಳಲಿ?

ನನ್ನ ಹತ್ತಿರ ಹದಿನಾಲ್ಕು ವರ್ಷದಿಂದ ಇ220 ಇದೆ. ನಮ್ಮ ಭಾವನವರ ಮನೆಯಲ್ಲಿ ಇ230 ಇದೆ. ಎರಡನ್ನೂ ಬೇಕಾದಷ್ಟು ಓಡಿಸಿದ್ದೇನೆ. ಇಟ್ಟುಕೊಳ್ಳೋದಕ್ಕೆ ಅಂದ್ರೆ 124. ಆದರೆ ನೀವು ನೋಡಿರುವ 210ಕ್ಕೆ ಕೆಳಗಡೆ ತುಕ್ಕು ಹಿಡಿದಿಲ್ಲ ಅಂತಾದರೆ ಸುಮ್ನೆ ಬಿಟ್ಟುಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ.

124 ಹೊರಬಂದದ್ದು 1984ರ ಕೊನೆಗೆ. ಆಗ ಬೆಂಜ್‌ನಲ್ಲಿ ಎಂಜಿನಿಯರುಗಳ ಮಾತೇ ನಡೆಯುತ್ತಿತ್ತು. ಕಾರು ಹೇಗಿರಬೇಕೋ ಹಾಗೆ ಮಾಡಿ, ಖರ್ಚು ಎಷ್ಟಾಯಿತು ಅಂತ ನೋಡಿ, ಆಮೇಲೆ ಬೆಲೆ ಕಟ್ಟುತ್ತಿದ್ದರು. 1989ರಲ್ಲಿ ಟೊಯೋಟಾದವರು ಲೆಕ್ಸಸ್ ಎಲ್‌ಎಸ್ 400 ತಂದರು. ಅಮೆರಿಕದಲ್ಲಿ ಅದರ ಆರಂಭದ ಬೆಲೆ 35,000 ಡಾಲರ್. ಅಷ್ಟು ದೊಡ್ಡ, ಅಷ್ಟು ಸದ್ದಿಲ್ಲದ ಕಾರು ಆ ದುಡ್ಡಿಗೆ ಸಿಗುತ್ತೆ ಅಂದಾಗ ಜರ್ಮನಿಯವರಿಗೆ ಲೆಕ್ಕ ಬದಲಿಸದೆ ಬೇರೆ ದಾರಿ ಇರಲಿಲ್ಲ. ಮೊದಲು ಬೆಲೆ ಗೊತ್ತುಮಾಡಿ, ಅದರೊಳಗೆ ಕಾರು ಮಾಡುವ ಕಾಲ ಬಂತು. 1995ರಲ್ಲಿ ಬಂದ 210 ಆ ಕಾಲದ ಕಾರು. ಎರಡರ ನಡುವಿನ ವ್ಯತ್ಯಾಸದ ಬೇರು ಇಲ್ಲೇ ಇದೆ.

ನಮ್ಮ ದೇಶಕ್ಕೂ 124ಕ್ಕೂ ಒಂದು ನಂಟಿದೆ. 1994ರಲ್ಲಿ ಬೆಂಜ್‌ನವರು ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜೊತೆ ಸೇರಿ ಇಲ್ಲಿ ಕಂಪನಿ ತೆರೆದರು. 1995ರಲ್ಲಿ ಪುಣೆಯಿಂದ ಹೊರಬಂದ ಮೊದಲ ಕಾರು ಇದೇ. ಅದಕ್ಕೂ ಮೊದಲು ಬೆಂಜ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹೊರದೇಶದಿಂದ ತರಿಸಿದ ದೊಡ್ಡವರ ಕಾರು, ಇಲ್ಲವೇ ಅಜ್ಜನ ಕಾಲದ ಟಾಟಾ-ಬೆಂಜ್ ಲಾರಿ. ಆಮೇಲೆ 210 ಕೂಡ ಪುಣೆಯಲ್ಲೇ ಜೋಡಣೆಯಾಯಿತು.

ನಿಮ್ಮ ಎರಡು ಕಾರಿನಲ್ಲೂ ಇರುವುದು ಒಂದೇ ಮನೆತನದ ಎಂಜಿನ್, ಎಂ111. ಒಂದು 2.2 ಲೀಟರ್, ಇನ್ನೊಂದು 2.3. ಎರಡೂ 150 ಕುದುರೆ ಶಕ್ತಿಯವು. ಹಾಗಾಗಿ ಎಂಜಿನ್ ನೋಡಿ ತೀರ್ಮಾನ ಮಾಡುವಂಥದ್ದೇನೂ ಇಲ್ಲ. ಬಾಡಿ, ಸ್ಟೇರಿಂಗ್, ಕೂರುವ ಜಾಗ, ಇವನ್ನೇ ನೋಡಬೇಕು.

124ರ ಬಾಗಿಲು ಒಮ್ಮೆ ಹಾಕಿ ನೋಡಿ. ಜೋರಾಗಿ ಎಳೆಯಬೇಡಿ, ಬೆರಳಲ್ಲಿ ತಳ್ಳಿ. ಹಳೇ ತಿಜೋರಿ ಹಾಕಿದ ಹಾಗೆ ಒಂದೇ ಸದ್ದು ಬರುತ್ತೆ, ಆಮೇಲೆ ಹೊರಗಿನ ಗದ್ದಲ ಅರ್ಧ ಕಡಿಮೆ. ವೈಪರ್ ನೋಡಿದ್ದೀರಾ? ಒಂದೇ ಒಂದು. ನಾನು ಒಂದು ಸಲ ಜುಲೈ ತಿಂಗಳಲ್ಲಿ ಚಾರ್ಮಾಡಿ ಇಳಿಯುತ್ತಿದ್ದೆ. ಮಳೆ ಅಂದ್ರೆ ಮಳೆ, ಮುಂದಿನ ಬಸ್ಸಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ವೈಪರನ್ನೇ ನೋಡುತ್ತಾ, "ಅಪ್ಪಾ, ಅದರ ಕೈ ಉದ್ದ ಆಗ್ತಿದೆ" ಅಂದಳು. ಹೌದು. ಮೂಲೆಗೆ ಹೋಗುವಾಗ ಕೈ ಚಾಚುತ್ತೆ, ನಡುವೆ ಬಂದಾಗ ಒಳಗೆ ಎಳೆದುಕೊಳ್ಳುತ್ತೆ. ಹಾಗಾಗಿ ಗಾಜಿನ 86% ಭಾಗ ಒರೆಸುತ್ತೆ. ಬುಡದಲ್ಲಿ ಸಣ್ಣ ಹಲ್ಲುಚಕ್ರಗಳಿವೆ, ಆಗಾಗ ಗ್ರೀಸ್ ಹಾಕಿಸಬೇಕು ಅಷ್ಟೇ. ಎರಡು ವೈಪರ್ ಇಟ್ಟು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನಗೆ ಈ ಕಾರಿನ ಮೇಲೆ ಪ್ರೀತಿ ಇರುವುದು ಇಂಥದ್ದಕ್ಕೇ. ಇದೇ ಬಗೆಯ ವೈಪರ್ 210ಕ್ಕೂ ಬಂದಿದೆ, ಅದನ್ನೂ ಹೇಳಬೇಕು.

ಬಾನೆಟ್ ನೆಟ್ಟಗೆ 90 ಡಿಗ್ರಿ ನಿಲ್ಲುತ್ತೆ. ಮೆಕ್ಯಾನಿಕ್ ಬೆನ್ನು ಬಗ್ಗಿಸಿ ಒದ್ದಾಡಬೇಕಿಲ್ಲ. ಡಿಕ್ಕಿಯ ಬಾಗಿಲು ಬಂಪರ್ ತನಕ ಕೆಳಗೆ ಇಳಿದಿದೆ, ಭಾರದ ಸೂಟ್‌ಕೇಸ್ ಎತ್ತಿ ಹಾಕುವುದು ಸುಲಭ. ಹಿಂದಿನ ಚಕ್ರಕ್ಕೆ ಮಲ್ಟಿ-ಲಿಂಕ್ ಸಸ್ಪೆನ್ಷನ್, ಅಂದ್ರೆ ಒಂದೊಂದು ಚಕ್ರವನ್ನೂ ಹಲವು ತೋಳುಗಳು ಹಿಡಿದಿರುತ್ತವೆ. ನಮ್ಮ ಹಳ್ಳಿ ರಸ್ತೆಯ ಗುಂಡಿಗೆ ಇಳಿದರೂ ಒಳಗೆ ಕೂತವರಿಗೆ ಬರೀ ಶಬ್ದ ಕೇಳುತ್ತೆ, ಏಟು ತಾಗುವುದಿಲ್ಲ.

ಈಗ 210. ನಾಲ್ಕು ಮೊಟ್ಟೆಯಾಕಾರದ ಹೆಡ್‌ಲೈಟ್ ನೋಡಿ ಆಗ ಬಹಳ ಜನ ಮೂಗು ಮುರಿದರು. ನನಗೆ ಈಗ ಅದು ಚಂದವೇ ಕಾಣುತ್ತೆ. ಉದ್ದ, ಅಗಲ ಎರಡೂ ಜಾಸ್ತಿ. ಅಗಲ ಒಂದರಲ್ಲೇ ಸುಮಾರು 6 ಸೆಂಟಿಮೀಟರ್. ಹಿಂದೆ ಮೂವರು ಕೂತಾಗ ಈ ವ್ಯತ್ಯಾಸ ಗೊತ್ತಾಗುತ್ತೆ. ಸ್ಟೇರಿಂಗ್ ಅಂತೂ 210ರದ್ದೇ ಮೇಲು. 124ರಲ್ಲಿ ಹಳೇ ಕಾಲದ ಸ್ಟೇರಿಂಗ್ ಬಾಕ್ಸ್ ಇದೆ, ನಡುವೆ ಸ್ವಲ್ಪ ಸಡಿಲ. 210ಕ್ಕೆ ರ‍್ಯಾಕ್ ಅಂಡ್ ಪಿನಿಯನ್ ಕೊಟ್ಟರು, ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತೆ. ತುಮಕೂರು ರಸ್ತೆಯಲ್ಲಿ ಭಾವನ ಕಾರು ಓಡಿಸುವಾಗ ಕೈಗೆ ಆಯಾಸವೇ ಆಗುವುದಿಲ್ಲ. ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವುದರಲ್ಲೂ ಹೊಸದೇ ಮುಂದೆ.

ಹಾಗಾದರೆ ತೊಂದರೆ ಎಲ್ಲಿ? ತುಕ್ಕು. 210ಕ್ಕೆ ತುಕ್ಕಿನ ಹೆಸರು ಪ್ರಪಂಚದಲ್ಲೆಲ್ಲಾ ಅಂಟಿಕೊಂಡಿದೆ. ಬಾಗಿಲಿನ ಅಂಚು, ಚಕ್ರದ ಮೇಲಿನ ಕಮಾನು, ಇವು ಕಣ್ಣಿಗೆ ಕಾಣುವಂಥವು. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ ಜಾಗ ಒಳಗಿದೆ. ಮುಂದಿನ ಸ್ಪ್ರಿಂಗಿನ ಮೇಲ್ತುದಿ ಒಂದು ಬಟ್ಟಲಿನ ಒಳಗೆ ಕೂರುತ್ತೆ. ಆ ಬಟ್ಟಲನ್ನು ಕಾರಿನ ಬಾಡಿಯ ಜೊತೆ ವೆಲ್ಡ್ ಮಾಡಿ, ಸುತ್ತ ನೀರು ತಡೆಯುವ ಸೀಲೆಂಟ್ ಬಳಿದಿರುತ್ತಾರೆ. ಸೀಲೆಂಟ್ ಹಿಂದೆ ನೀರು ಸೇರಿದರೆ ಹೊರಗೆ ಏನೂ ಕಾಣದೆ ಒಳಗೊಳಗೇ ತಿನ್ನುತ್ತೆ. ಕೊನೆಗೆ ವೆಲ್ಡ್ ಬಿಟ್ಟು ಸ್ಪ್ರಿಂಗ್ ಮೇಲಕ್ಕೆ ನುಗ್ಗಿ, ಕಾರು ಆ ಮೂಲೆಗೆ ಕುಸಿದು ಕೂರುತ್ತೆ. ಆದ್ದರಿಂದ ಇದೊಂದನ್ನು ಖಂಡಿತ ಮಾಡಿ: ಜ್ಯಾಕ್ ಹಾಕಿ ಮುಂದಿನ ಎರಡೂ ಚಕ್ರ ಬಿಚ್ಚಿಸಿ, ಟಾರ್ಚ್ ಬಿಟ್ಟು ಆ ಬಟ್ಟಲಿನ ಸುತ್ತ ನೋಡಿ. ಸೀಲೆಂಟ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕಂದು ನೀರು ಇಳಿದ ಗೆರೆ ಇದ್ದರೆ ಬೇಡ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಇದ್ದ ಕಾರಾದರೆ ಇನ್ನೂ ಜಾಸ್ತಿ ಹುಷಾರು. ಒಣ ಸೀಮೆಯ ಕಾರಾದರೆ ಒಳ್ಳೆಯದು ಸಿಗುವ ಅವಕಾಶ ಹೆಚ್ಚು.

124ಕ್ಕೂ ಒಂದು ರೋಗ ಇದೆ. 1990ರ ದಶಕದ ಮೊದಲರ್ಧದ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ವೈರಿಂಗಿನ ಮೇಲಿನ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತೆ. ವೈರುಗಳು ಒಂದಕ್ಕೊಂದು ತಾಗಿ ಎಂಜಿನ್ ಮಿಸ್ ಹೊಡೆಯುತ್ತೆ. ನಿಮ್ಮ 1996ರ ಕಾರಿನಲ್ಲೂ ಹಳೇ ವೈರಿಂಗೇ ಇದೆಯಾ, ಬದಲಾಯಿಸಿದ್ದಾರಾ ಅಂತ ಕೇಳಿ. ಬಿಲ್ ಇದ್ದರೆ ನೋಡಿ. ಇಲ್ಲದಿದ್ದರೆ ಎಂಜಿನ್ ಹತ್ತಿರದ ಒಂದು ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಮೇಲ್ಪದರ ಚೂರಾದರೆ ಪೂರ್ತಿ ವೈರಿಂಗ್ ಬದಲಿಸುವ ಖರ್ಚು ಕಳೆದು ಬೆಲೆ ಮಾತಾಡಿ. ಇದು ದುಡ್ಡಿನಿಂದ ಸರಿಯಾಗುವ ರೋಗ. ತಿಂದುಹೋದ ಬಾಡಿ ಹಾಗಲ್ಲ. ಅದಕ್ಕೇ ನಾನು 124 ಅಂದಿದ್ದು.

ಎರಡಕ್ಕೂ ಒಂದು ಮಾತು: ರೇಡಿಯೇಟರಿಗೆ ಬರೀ ನೀರು ಹಾಕಲು ಬಿಡಬೇಡಿ. ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ಕೂಲಂಟ್ ಬದಲು ಕೊಳಾಯಿ ನೀರು ತುಂಬಿಸಿದ್ದರು. ಒಂದು ವರ್ಷ ಗೊತ್ತೇ ಆಗಲಿಲ್ಲ. ಎಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಅಲ್ಯೂಮಿನಿಯಂದು ನೋಡಿ, ನೀರು ಹೋಗುವ ದಾರಿಯೆಲ್ಲಾ ಸವೆದು, ಹೆಡ್ ಇಳಿಸಬೇಕಾಯಿತು. ಆವತ್ತು ಎಂಜಿನ್ ಬಿಚ್ಚಿ ಹರಡಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಕಾಗದಪತ್ರದಲ್ಲಿ ಆರ್‌ಸಿ ನವೀಕರಣ ಆಗಿದೆಯಾ, ಹಸಿರು ತೆರಿಗೆ ಕಟ್ಟಿದ್ದಾರಾ ಅಂತ ನೋಡಿಕೊಳ್ಳಿ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು.

ನೋಡಲು ಹೋಗುವಾಗ ಬೆಳಗ್ಗೆ ಬೇಗ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ಅದರ ರೋಗ ಗೊತ್ತಾಗೋದು.