ಸಿರಪ್ ಬಿಟ್ಟ ದಿನ ಮರಳುತ್ತಿದ್ದ ನೆಗಡಿ

ನನ್ನಲ್ಲಿಗೆ ಆಪ್ತಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಯಸ್ಸು, ವೃತ್ತಿ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರು ನಲವತ್ತರ ಆಸುಪಾಸಿನ ಶಿಕ್ಷಕಿ. ನನ್ನಲ್ಲಿಗೆ ಬಂದದ್ದು ಸಿರಪ್ಪಿನ ವಿಚಾರಕ್ಕಲ್ಲ. ನಿದ್ದೆ ಕೆಟ್ಟಿದೆ, ಸಿಡುಕು ಹೆಚ್ಚಾಗಿದೆ, ಮನೆಯಲ್ಲಿ ಮಾತುಮಾತಿಗೂ ಜಗಳ ಎಂದರು. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಬಿ.ಪಿ. ಮಾತ್ರೆ ಮತ್ತು ರಾತ್ರಿ ಒಂದು ಆತಂಕದ ಮಾತ್ರೆ ಎಂದಷ್ಟೇ ಹೇಳಿದರು. ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಹೊರಬಂತು: “ಅದನ್ನೇನು ಔಷಧಿ ಅಂತ ಲೆಕ್ಕಕ್ಕೆ ಹಿಡಿಯಬೇಡಿ, ಬರೀ ಕೆಮ್ಮಿನ ಸಿರಪ್ಪು.”

ಆ ‘ಬರೀ ಸಿರಪ್ಪಿ’ನಲ್ಲಿದ್ದದ್ದು ಕೊಡೀನ್ ಮತ್ತು ಕ್ಲೋರ್‌ಫೆನಿರಮಿನ್. ಕೊಡೀನ್ ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ಔಷಧಿಗಳ ಗುಂಪಿಗೆ ಸೇರಿದ್ದು. ಅದರ ಒಂದು ಪಾಲು ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಮಾರ್ಪಡುತ್ತದೆ, ಮೆದುಳಿನಲ್ಲಿ ಕೆಮ್ಮಿನ ಪ್ರಚೋದನೆಯನ್ನು ತಗ್ಗಿಸುತ್ತದೆ. ಉಸಿರಾಟವನ್ನು ನಡೆಸುವ ಭಾಗದ ಮೇಲೂ ಅದರ ಕೈ ಇದೆ. ಕ್ಲೋರ್‌ಫೆನಿರಮಿನ್ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿ ತಗ್ಗಿಸುವ ಔಷಧಿ. ಮೂಗು ಸೋರುವುದನ್ನು ಕಡಿಮೆ ಮಾಡುತ್ತದೆ, ಜೊತೆಗೆ ಮಂಪರು ತರುತ್ತದೆ. ಕೆಲವು ಸಿರಪ್ಪುಗಳಲ್ಲಿ ಕೊಡೀನ್ ಬದಲು ಹೈಡ್ರೊಕೊಡೋನ್, ಕ್ಲೋರ್‌ಫೆನಿರಮಿನ್ ಬದಲು ಪ್ರೊಮೆಥಜೀನ್ ಇರುತ್ತದೆ. ಹೆಸರು ಬೇರೆಯಾದರೂ ಎಚ್ಚರ ಒಂದೇ.

ವೈರಲ್ ಸೋಂಕಿನ ನಂತರ ಉಳಿದ ಕೆಮ್ಮಿಗೆ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಬರೆದುಕೊಟ್ಟಿದ್ದರು. ಕೆಮ್ಮು ತಗ್ಗಿತು, ಒಳ್ಳೆಯ ನಿದ್ದೆಯೂ ಬಂತು. ಸಿರಪ್ ನಿಲ್ಲಿಸಿದ ಒಂದೆರಡು ದಿನಕ್ಕೆ ಮೂಗು ಸೋರತೊಡಗಿತು. ಕಣ್ಣಲ್ಲಿ ನೀರು, ಮೈಕೈ ನೋವು, ಬೆವರು, ಒಂದರ ಮೇಲೊಂದು ಆಕಳಿಕೆ. ನೆಗಡಿ ಮರುಕಳಿಸಿತು ಎಂದುಕೊಂಡು ಮತ್ತೆ ಕುಡಿದರು. ಗಂಟೆಯೊಳಗೆ ಎಲ್ಲ ಮಾಯ! ‘ನೋಡಿ, ಔಷಧಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ’ ಎಂಬ ನಂಬಿಕೆ ಗಟ್ಟಿಯಾಯಿತು. ಬಾಟಲಿಗಳು ಬದಲಾಗುತ್ತ ಹೋದವು, ಅಳತೆಯೂ ನಿಧಾನವಾಗಿ ಏರಿತು.

ಈ ಪ್ರಕರಣ ಬರೆಯಬೇಕೆನಿಸಿದ್ದೇ ಇದಕ್ಕಾಗಿ. ಓಪಿಯಾಯ್ಡಿಗೆ ಒಗ್ಗಿಕೊಂಡ ದೇಹಕ್ಕೆ ಅದು ಸಿಗದೆ ಹೋದಾಗ ಕಾಣುವ ಮೊದಲ ಲಕ್ಷಣಗಳೂ ನೆಗಡಿ-ಜ್ವರದ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ ಥರ. ನೋವಿನ ಮಾತ್ರೆಯಲ್ಲಾದರೆ ಅನುಮಾನ ಬರಬಹುದು. ನೆಗಡಿ-ಕೆಮ್ಮಿಗೆಂದೇ ಇರುವ ಔಷಧಿಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಅವರು ವ್ಯಸನಿಯಂತೆ ವರ್ತಿಸುತ್ತಿರಲಿಲ್ಲ, ಮೋಜಿಗೆ ಕುಡಿಯುತ್ತಿರಲಿಲ್ಲ. ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದೇ ನಂಬಿದ್ದರು. ಇದನ್ನು ವಿವರಿಸಿದಾಗ ಅವರು ತುಂಬ ಹೊತ್ತು ಅತ್ತರು. “ನಾನು ಅಂಥವಳಲ್ಲ” ಎಂದರು. ದೇಹ ಒಗ್ಗಿಕೊಳ್ಳುವುದಕ್ಕೂ ಗುಣನಡತೆಗೂ ಸಂಬಂಧವಿಲ್ಲ ಎಂದು ಹೇಳಿದೆ. ಇಂಥ ಹೊತ್ತಿನಲ್ಲಿ ಎದುರಿಗಿರುವವರ ದನಿಯಲ್ಲಿ ಆಪಾದನೆಯ ಎಳೆ ಕಂಡರೂ ಸಾಕು, ಮುಂದಿನ ಬಾಟಲಿ ಬಚ್ಚಿಟ್ಟುಕೊಂಡೇ ಬರುತ್ತದೆ.

ಆದರೆ ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಆತಂಕದ ಮಾತ್ರೆ. ಅದು ಬೆಂಜೊಡಯಜಪೀನ್. ಓಪಿಯಾಯ್ಡ್, ಆಂಟಿಹಿಸ್ಟಮಿನ್, ಬೆಂಜೊಡಯಜಪೀನ್ ಮೂರೂ ಮಂಪರು ತರುವಂಥವು. ಒಟ್ಟಿಗೆ ಸೇರಿದರೆ ನಿದ್ದೆಯಲ್ಲೇ ಉಸಿರು ಕುಗ್ಗಬಹುದು. ಮದ್ಯ ಸೇರಿದರಂತೂ ಇನ್ನೂ ಅಪಾಯ. ಓಪಿಯಾಯ್ಡ್ ಮತ್ತು ಬೆಂಜೊಡಯಜಪೀನ್ ಜೊತೆಯಾಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2016ರಲ್ಲಿ ತನ್ನ ಅತಿ ಕಠಿಣ ಎಚ್ಚರಿಕೆಯನ್ನು ಲೇಬಲ್ಲಿಗೆ ಸೇರಿಸಿತು. “ಈಚೆಗೆ ಇವಳನ್ನು ಬೆಳಿಗ್ಗೆ ಎಬ್ಬಿಸೋದೇ ಕಷ್ಟ, ಗೊರಕೆ ನಿಂತು ನಿಂತು ಬರುತ್ತೆ” ಎಂದು ಗಂಡ ಹೇಳಿದ ಮಾತನ್ನು ಅವರು ದೂರಿನಂತೆ ಹೇಳಿಕೊಂಡರು. ನಾನು ಅದನ್ನು ತುರ್ತು ಸಂಗತಿಯಾಗಿ ತೆಗೆದುಕೊಂಡೆ. ಅವರ ಒಪ್ಪಿಗೆ ಪಡೆದು ಅಲ್ಲೇ ವೈದ್ಯರಿಗೆ ಫೋನ್ ಮಾಡಿದೆ, ಅಂದೇ ನೋಡಲು ಅವರು ಒಪ್ಪಿದರು.

ಮನೆಗೆ ಹೋಗಿ ಎರಡನ್ನೂ ಚೆಲ್ಲಿಬಿಡುತ್ತೇನೆ ಎಂದು ಹೊರಟವರನ್ನು ತಡೆದೆ. ದೀರ್ಘಕಾಲ ತೆಗೆದುಕೊಂಡ ಬೆಂಜೊಡಯಜಪೀನನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಓಪಿಯಾಯ್ಡನ್ನೂ ಮೆಲ್ಲಗೆ ಇಳಿಸಬೇಕು. ಯಾವುದನ್ನು ಮೊದಲು, ಎಷ್ಟೆಷ್ಟು ಎಂಬುದು ವೈದ್ಯರ ತೀರ್ಮಾನ, ಆಪ್ತಸಲಹೆಗಾರರದ್ದಲ್ಲ. ಮುಚ್ಚುಮರೆಯಿಲ್ಲದೆ ನಿಜವಾದ ಅಳತೆಯನ್ನು ವೈದ್ಯರಿಗೆ ಹೇಳಿ, ಅದಷ್ಟೇ ನಿಮ್ಮ ಕೆಲಸ ಎಂದೆ. ಅವರು ಕುಡಿಯುತ್ತಿದ್ದದ್ದು ಅಡುಗೆಮನೆಯ ಚಮಚದಲ್ಲಿ. ಚಮಚದಿಂದ ಚಮಚಕ್ಕೆ ಅಳತೆ ಬದಲಾಗುತ್ತದೆ, 5 ಮಿ.ಲೀ. ಎಂದರೆ ಬಾಟಲಿಯ ಜೊತೆ ಬರುವ ಅಳತೆಯ ಕಪ್ಪಿನ ಅಥವಾ ಸಿರಿಂಜಿನ 5 ಮಿ.ಲೀ. ಡೋಸ್ ತಪ್ಪಿತೆಂದು ಮುಂದಿನ ಸಲ ಎರಡರಷ್ಟು ಕುಡಿಯುವುದೂ ತಪ್ಪು. ಸಿರಪ್ ಕುಡಿದು ಮಂಪರಿನಲ್ಲಿರುವಾಗ ವಾಹನ ಓಡಿಸಲೇಬಾರದು. ಮಲಬದ್ಧತೆ, ಮೂತ್ರ ಕಟ್ಟುವುದು ಇದ್ದರೆ ನಾಚಿಕೊಳ್ಳದೆ ಹೇಳಬೇಕು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಅಸ್ತಮಾ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರುವವರು ಇದನ್ನು ತಾವಾಗಿ ಮುಟ್ಟಬಾರದು.

ಎರಡನೆಯ ಭೇಟಿಯಲ್ಲಿ ತಡೆದು ತಡೆದು ಇನ್ನೊಂದು ವಿಷಯ ಹೇಳಿದರು: ಒಂದು ರಾತ್ರಿ ಮಗನಿಗೂ ಅರ್ಧ ಚಮಚ ಹಾಕಿದ್ದರಂತೆ. ಹುಡುಗನಿಗೆ ಒಂಬತ್ತು ವರ್ಷ. ಅದೃಷ್ಟಕ್ಕೆ ಏನೂ ಆಗಲಿಲ್ಲ. ಕೊಡೀನನ್ನು ಮಾರ್ಫಿನ್ ಮಾಡುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಅತಿ ಚುರುಕು. ಅಂಥ ಮಗುವಿಗೆ ಸಾಮಾನ್ಯ ಅಳತೆಯೇ ಪ್ರಾಣಾಂತಿಕವಾಗಬಹುದು, ನೋಡಿದರೆ ಯಾರಿಗೂ ಅದು ಗೊತ್ತಾಗುವುದಿಲ್ಲ. ಯುರೋಪಿನ ಔಷಧ ನಿಯಂತ್ರಕರು 2015ರಲ್ಲಿ 12ಕ್ಕಿಂತ ಚಿಕ್ಕ ಮಕ್ಕಳ ಕೆಮ್ಮಿಗೆ ಕೊಡೀನ್ ಬೇಡವೆಂದರು. ಅಮೆರಿಕ 2018ರಲ್ಲಿ ಕೊಡೀನ್, ಹೈಡ್ರೊಕೊಡೋನ್ ಇರುವ ಕೆಮ್ಮಿನ ಸಿರಪ್ಪುಗಳನ್ನು 18 ತುಂಬಿದವರಿಗೆ ಮಾತ್ರ ಸೀಮಿತಗೊಳಿಸಿತು. ಹಾಲೂಡಿಸುವ ತಾಯಂದಿರೂ ದೂರವಿರಬೇಕು, ಹಾಲಿನ ಮೂಲಕ ಮಾರ್ಫಿನ್ ಕೂಸಿಗೆ ಹೋಗುತ್ತದೆ. ಒಬ್ಬರಿಗೆ ಬರೆದ ಬಾಟಲಿ ಆ ಒಬ್ಬರಿಗೆ ಮಾತ್ರ. ಬೀಗ ಹಾಕಿಡಿ, ಮಿಕ್ಕದ್ದನ್ನು ಔಷಧಿ ಅಂಗಡಿಯವರನ್ನು ಕೇಳಿ ವಿಲೇವಾರಿ ಮಾಡಿ ಎಂದೆ.

ಮೂರನೆಯ ಭೇಟಿಗೆ ಗಂಡನನ್ನೂ ಕರೆಸಿಕೊಂಡೆ, ಏಕೆಂದರೆ ಅಪಾಯದ ಚಿಹ್ನೆಗಳು ಮಲಗಿರುವವರಿಗೆ ಕಾಣುವುದಿಲ್ಲ. ಕೂಗಿದರೂ ಅಲುಗಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು ಅಥವಾ ಗೊರಗೊರ ಸದ್ದು, ತುಟಿ ನೀಲಿಗಟ್ಟುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಂಬ್ಯುಲೆನ್ಸಿಗೆ ಕರೆ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವಾಂತಿ ಮಾಡಿಸಲು ಹೋಗಬೇಡಿ, ‘ಮಲಗಿ ಎದ್ದರೆ ಸರಿಹೋಗುತ್ತೆ’ ಎಂದು ಬಿಡಬೇಡಿ. ನಲೊಕ್ಸೋನ್ ಇದ್ದರೆ ಕೊಡಬಹುದು. ಅದು ಓಪಿಯಾಯ್ಡಿನ ಪರಿಣಾಮವನ್ನಷ್ಟೇ ಹಿಮ್ಮೆಟ್ಟಿಸುತ್ತದೆ, ಆಂಟಿಹಿಸ್ಟಮಿನ್ ಅಥವಾ ಆತಂಕದ ಮಾತ್ರೆಯದ್ದನ್ನಲ್ಲ. ಸ್ವಲ್ಪ ಹೊತ್ತಿಗೆ ಅದರ ಪ್ರಭಾವ ಇಳಿಯುತ್ತದೆ, ಹಾಗಾಗಿ ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಮೂಲ ಕೆಮ್ಮಿನ ಕಥೆಯೂ ಬೇರೆಯೇ ಆಗಿತ್ತು. ಎಂಟು ವಾರ ಮೀರಿದ ಕೆಮ್ಮನ್ನು ಅದುಮುವುದಲ್ಲ, ಕಾರಣ ಹುಡುಕಬೇಕು: ಅಸ್ತಮಾ, ಹೊಟ್ಟೆಯ ಆಮ್ಲ ಮೇಲೇರುವುದು, ಕ್ಷಯ, ಧೂಮಪಾನ, ಇಲ್ಲವೇ ಯಾವುದಾದರೂ ಔಷಧಿ. ಅವರ ಬಿ.ಪಿ. ಮಾತ್ರೆ ಎಸಿಇ ಇನ್ಹಿಬಿಟರ್ ಗುಂಪಿನದು. ಒಣಕೆಮ್ಮು ಅದರ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ವೈದ್ಯರು ಅದನ್ನು ಬದಲಿಸಿದರು. ಇಂಥ ಕೆಮ್ಮು ಇಳಿಯಲು ಕೆಲವು ವಾರ ಹಿಡಿಯುತ್ತದೆಂದು ಮೊದಲೇ ತಿಳಿಸಿದ್ದರಿಂದ ಅವರು ಎದೆಗುಂದಲಿಲ್ಲ.

ಈಗ ಸಿರಪ್ ಪೂರ್ತಿ ನಿಂತಿದೆ. ಆತಂಕದ ಮಾತ್ರೆಯನ್ನು ಇಳಿಸುವ ಕೆಲಸ ನಡೆಯುತ್ತಿದೆ. ನಮ್ಮ ಮಾತು ಈಗ ಆ ಮಾತ್ರೆ ಯಾಕೆ ಬೇಕಾಯಿತು ಎಂಬಲ್ಲಿಗೆ ಬಂದಿದೆ, ಮುಂದಿನ ಭೇಟಿಗಳು ಅದಕ್ಕೇ ಮೀಸಲು.